ಪ್ರಿಂಟಿನಲ್ಲಿ ಗಣಿತದ ಚಿಹ್ನೆ ಕೆಟ್ಟು ಬಂದರೆ

ಪರದೆಯ ಮೇಲೆ ಸರಿಯಿದ್ದ ಪ್ರಶ್ನೆಪತ್ರಿಕೆ ಶಿರಸಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಾದಾಗ ವರ್ಗಮೂಲದ ಜಾಗದಲ್ಲಿ ಚೌಕ ಬಂತೇ? ಪ್ರಿಂಟರನ್ನು ಬೈಯುವ ಮೊದಲು ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಫಾಂಟಿನ ಮುಂದೂ ‘ಎಂಬೆಡೆಡ್’ ಎಂದಿರಬೇಕು. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರ್ ತನ್ನಲ್ಲಿರುವ ಬೇರೊಂದು ಫಾಂಟ್ ಹಾಕಿಕೊಳ್ಳುತ್ತದೆ, ಅದರಲ್ಲಿ ಆ ಚಿಹ್ನೆ ಇಲ್ಲದಿರಬಹುದು. ವರ್ಡ್‌ನಲ್ಲಿ ಪಿಡಿಎಫ್ ಉಳಿಸುವಾಗ ಆಪ್ಷನ್ಸ್‌ಗೆ ಹೋಗಿ ‘ಪಿಡಿಎಫ್/ಎ’ ಟಿಕ್ ಮಾಡಿದರೆ ಫಾಂಟುಗಳು ಕಡತದೊಳಗೇ ಸೇರುತ್ತವೆ.

ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ತೊಂದರೆ ಬೇರೆ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲೇ ಕನ್ನಡದ ತುಣುಕುಗಳು ಕೂತಿರುವುದರಿಂದ ಇಡೀ ಪುಟ ಆರಿಸಿ ಫಾಂಟ್ ಬದಲಿಸಿದರೆ ಸಮೀಕರಣದ ಎಕ್ಸ್, ವೈ ಕನ್ನಡ ಗೀಚಾಗುತ್ತವೆ. ಪ್ರತಿ ಲಿಪಿಗೂ ಪ್ರತ್ಯೇಕ ಸಂಕೇತಸ್ಥಾನವಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಸಮೀಕರಣಗಳನ್ನು ಈಕ್ವೇಶನ್ ಎಡಿಟರ್‌ನಲ್ಲೇ ಬರೆಯಿರಿ.

ಗಣಿತದ ಪುಟ ಜೋಡಿಸುವ ಲೇಟೆಕ್ ತಂತ್ರಾಂಶದ ಯೂನಿಕೋಡ್ ರೂಪವಾದ ಝೀಲೇಟೆಕ್ ಬಳಸುವವರು ಲಾಗ್ ಕಡತದಲ್ಲಿ ‘ಮಿಸ್ಸಿಂಗ್ ಕ್ಯಾರೆಕ್ಟರ್’ ಹುಡುಕಿ. ಕನ್ನಡ ಪಠ್ಯದ ಮಧ್ಯೆ √ ನೇರ ಹಾಕಿದ್ದರೆ, ಆ ಫಾಂಟಿನಲ್ಲಿ ಅದಿಲ್ಲದಾಗ ಸರಿಯಾಗಿ ಮೂಡುವುದಿಲ್ಲ. ಡಾಲರ್ ಚಿಹ್ನೆಗಳ ನಡುವೆ ವರ್ಗಮೂಲದ ಆದೇಶ ಕೊಡಿ.

ಭಿನ್ನರಾಶಿಯ ಗೆರೆ ಪರದೆಯಲ್ಲಷ್ಟೇ ಮಾಯವಾದರೆ ಚಿಂತೆ ಬೇಡ. ಲೇಟೆಕ್‌ನಲ್ಲಿ ಅದರ ದಪ್ಪ ಸಾಮಾನ್ಯವಾಗಿ 0.4 ಪಾಯಿಂಟ್, 96 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಪರದೆಯಲ್ಲಿ ಸುಮಾರು ಅರ್ಧ ಪಿಕ್ಸೆಲ್, 600 ಡಿಪಿಐ ಪ್ರಿಂಟಿನಲ್ಲಿ ಮೂರು ಚುಕ್ಕೆಗೂ ಹೆಚ್ಚು. ಕಾಗದದ ಮೇಲೇ ಗೆರೆ ತುಂಡಾಗಿದ್ದರೆ ಪ್ರಿಂಟರಿನ ಶಾಯಿಪುಡಿ ಉಳಿಸುವ ‘ಟೋನರ್ ಸೇವ್’ ಆಯ್ಕೆ ಆಫ್ ಮಾಡಿ. ಕಾರವಾರದ ಮಳೆಗಾಲದಲ್ಲಂತೂ ತೆರೆದಿಟ್ಟ ಕಾಗದ ತೇವ ಹಿಡಿದು ಟೋನರ್ ಸರಿಯಾಗಿ ಕೂರುವುದಿಲ್ಲ. ಹೊಸ ಕಟ್ಟು ಒಡೆಯಿರಿ.

ಪರೀಕ್ಷೆಗೆ ಗಂಟೆಯಷ್ಟೇ ಉಳಿದಿದ್ದರೆ ಆಕ್ರೋಬ್ಯಾಟ್ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ, ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ. ನಿಧಾನ, ಆದರೆ ಪರದೆಯಲ್ಲಿ ಕಂಡದ್ದೇ ಬರುತ್ತದೆ.