ಕ್ಯಾಮೆರಾ ತಿರುಗಿಸಲು ಒಂದು ಕಾರಣ ಬೇಕು

ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಸಿಸಿಟಿವಿ ನಿಯಂತ್ರಣ ಕೊಠಡಿಯ ಆಪರೇಟರ್ ನಾನು. ಹೊಸದಾಗಿ ಸೇರಿದವರ ಕೈಗೆ ನಮ್ಮಲ್ಲಿ ಜಾಯ್‌ಸ್ಟಿಕ್‌ಗಿಂತ ಮೊದಲು ದಾಖಲೆ ಪುಸ್ತಕ ಬರುತ್ತದೆ. ಯಾವ ಕ್ಯಾಮೆರಾವನ್ನು ಎಷ್ಟು ಹೊತ್ತಿಗೆ ಯಾರತ್ತ ತಿರುಗಿಸಿದಿರಿ, ಏಕೆ ತಿರುಗಿಸಿದಿರಿ ಎಂದು ಅದರಲ್ಲಿ ಬರೆಯಬೇಕು. ಆ ‘ಏಕೆ’ಗೆ ಒಂದು ಸಾಲಿನ ಉತ್ತರ ಹೊಳೆಯದಿದ್ದರೆ ಕ್ಯಾಮೆರಾವನ್ನು ತಾನಾಗಿ ತಿರುಗುವ ಅದರ ಮಾಮೂಲಿ ಸುತ್ತಾಟಕ್ಕೆ ಬಿಟ್ಟುಬಿಡಬೇಕು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ ಎಂದು ನಾನು ನಂಬಿದ್ದೇನೆ.

ಸಾರ್ವಜನಿಕ ಸ್ಥಳಗಳಲ್ಲಿ ಕ್ಯಾಮೆರಾ ಇಡಲು ಕೌನ್ಸಿಲ್‌ಗಳಿಗೆ ಅಧಿಕಾರ ಕೊಟ್ಟಿದ್ದು 1994ರ ಅಪರಾಧ ನ್ಯಾಯ ಕಾಯ್ದೆ. ಇಡಬಹುದು ಎನ್ನುತ್ತದೆಯೇ ಹೊರತು ಇಡಲೇಬೇಕು ಎನ್ನುವುದಿಲ್ಲ. ಹೀಗಾಗಿ ಬಜೆಟ್ ಬಿಗಿಯಾದಾಗ ಕತ್ತರಿ ಬೀಳುವ ಸೇವೆಗಳಲ್ಲಿ ನಮ್ಮದೂ ಒಂದು. ಅಕ್ಕಪಕ್ಕದ ಕೌನ್ಸಿಲ್‌ಗಳು ಸೇರಿ ಒಂದೇ ಕೊಠಡಿ ನಡೆಸುವುದು ಈಗ ಅಪರೂಪವಲ್ಲ. ನಾನು ಗುತ್ತಿಗೆ ಸಂಸ್ಥೆಯ ನೌಕರನಾದ್ದರಿಂದ ಭದ್ರತಾ ಉದ್ಯಮ ಪ್ರಾಧಿಕಾರದ ಪರವಾನಗಿ ಪಡೆಯಬೇಕಾಯಿತು. ಅದಕ್ಕೆ ತರಬೇತಿ, ಪರೀಕ್ಷೆ, ಅಪರಾಧ ಹಿನ್ನೆಲೆಯ ತಪಾಸಣೆ ಎಲ್ಲವೂ ಇವೆ. ಕೌನ್ಸಿಲ್ಲಿನ ಸ್ವಂತ ನೌಕರರಿಗೆ ಅದೇ ಕುರ್ಚಿಯಲ್ಲಿ ಕೂರಲು ಆ ಪರವಾನಗಿ ಬೇಕಿಲ್ಲ. ಈ ಭೇದ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ನೋಡುವ ಕಣ್ಣು ಯಾರದಾದರೂ ನೋಡಿಸಿಕೊಳ್ಳುವವರ ಹಕ್ಕು ಒಂದೇ ಅಲ್ಲವೇ?

ಒಂದು ರಾತ್ರಿ ಪಾಳಿಯಲ್ಲಿ ಪೊಲೀಸ್ ರೇಡಿಯೊದಲ್ಲಿ ಕರೆ ಬಂತು. ಮರೆವಿನ ಕಾಯಿಲೆಯ ವೃದ್ಧರೊಬ್ಬರು ಆರೈಕೆ ಕೇಂದ್ರದಿಂದ ಹೊರಟುಹೋಗಿದ್ದಾರೆ, ಬೂದು ಬಣ್ಣದ ಕೋಟು, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ನಾನು ಮೊದಲು ಹುಡುಕಿದ್ದು ಚಪ್ಪಲಿಯನ್ನೇ. ಕೋಟು ಕಳಚಬಹುದು, ಟೋಪಿ ತೆಗೆಯಬಹುದು, ದಾರಿಯಲ್ಲಿ ಪಾದರಕ್ಷೆ ಬದಲಿಸುವವರು ವಿರಳ. ಕಳ್ಳರ ವಿಷಯದಲ್ಲೂ ಅಷ್ಟೇ. ಆರೈಕೆ ಕೇಂದ್ರದ ಹತ್ತಿರದ ಕ್ಯಾಮೆರಾದ ಧ್ವನಿಮುದ್ರಣವಿಲ್ಲದ ದೃಶ್ಯವನ್ನು ಹಿಂದಕ್ಕೆ ಓಡಿಸಿದಾಗ ಅವರು ಸೇತುವೆಯ ಕಡೆ ಹೊರಳಿದ್ದು ಕಂಡಿತು. ಅಲ್ಲಿಂದ ಮುಂದಿನ ಕ್ಯಾಮೆರಾ, ಅದರ ಮುಂದಿನದು. ನಡುವೆ ಒಂದು ಕುರುಡು ತಿರುವಿದೆ. ಅಲ್ಲಿ ಮನುಷ್ಯ ಮರೆಯಾದರೆ ಹೊರಬರಲು ಎಷ್ಟು ಹೊತ್ತು ಬೇಕೆಂಬ ಅಂದಾಜು ರೂಢಿಯಿಂದಲೇ ಬರಬೇಕು. ಕೊನೆಗೆ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಅವರು ಕುಳಿತಿದ್ದರು. ರಸ್ತೆಯ ಹೆಸರು, ಯಾವ ಬದಿ, ಯಾವ ದಿಕ್ಕಿಗೆ ಮುಖ ಎಂದು ಅದೇ ಕ್ರಮದಲ್ಲಿ ರೇಡಿಯೊದಲ್ಲಿ ಹೇಳುತ್ತಾ, ಪೊಲೀಸರು ಬಂದು ಅವರ ಹೆಗಲಿಗೆ ಕಂಬಳಿ ಹೊದಿಸುವವರೆಗೂ ಕ್ಯಾಮೆರಾ ಕದಲಿಸಲಿಲ್ಲ. ನಮ್ಮ ಸೇವೆಯಿಂದ ಎಷ್ಟು ಬಂಧನಗಳಾದವು ಎಂದು ಕೌನ್ಸಿಲರ್‌ಗಳು ಕೇಳುತ್ತಾರೆ. ಇಂಥ ರಾತ್ರಿಗಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ ಎಂಬುದು ನನ್ನ ಕೊರಗು.

ನೋಡಬಾರದ್ದರ ಪಟ್ಟಿಯೂ ಉದ್ದವಿದೆ. ಅಂಗಡಿಗಳ ಮೇಲಿನ ಮನೆಗಳ ಕಿಟಕಿಗಳು ನಮ್ಮ ಪರದೆಯಲ್ಲಿ ಕಪ್ಪು ಚೌಕಗಳಾಗಿ ಕಾಣುತ್ತವೆ. ಕ್ಯಾಮೆರಾ ಎತ್ತ ತಿರುಗಿದರೂ ಆ ಮುಸುಕು ಜೊತೆಗೇ ಸರಿಯುತ್ತದೆ. ಕಣ್ಣೆದುರೇ ಜಗಳ ನಡೆದರೆ ತಕ್ಷಣ ಹಿಂಬಾಲಿಸಬಹುದು. ಆದರೆ ‘ನಾಳೆಯಿಂದ ಈ ವ್ಯಕ್ತಿಯ ಮೇಲೆ ಗುಟ್ಟಾಗಿ ಕಣ್ಣಿಡಿ’ ಎಂದು ಪೊಲೀಸರು ಕೇಳಿದರೆ, 2000ನೇ ಇಸವಿಯ ತನಿಖಾಧಿಕಾರ ನಿಯಂತ್ರಣ ಕಾಯ್ದೆಯಡಿ ಅವರು ಪಡೆದ ಅನುಮತಿಯನ್ನು ನಾವು ಮೊದಲು ಕೇಳುತ್ತೇವೆ. ಪರಿಚಯದ ಅಧಿಕಾರಿಯೇ ಆದರೂ ಅಷ್ಟೇ.

ತರಬೇತಿ ಕೊಡುವಾಗ ನಾನು ತಪ್ಪದೇ ಹೇಳುವ ಪ್ರಕರಣವೊಂದಿದೆ. 1995ರಲ್ಲಿ ಎಸೆಕ್ಸ್‌ನ ಬ್ರೆಂಟ್‌ವುಡ್‌ನಲ್ಲಿ, ಬದುಕಿನಿಂದ ಬೇಸತ್ತು ಚಾಕು ಹಿಡಿದು ನಡೆಯುತ್ತಿದ್ದ ವ್ಯಕ್ತಿಯನ್ನು ಆಪರೇಟರ್ ಕಂಡು ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದರು, ಜೀವ ಉಳಿಯಿತು. ಅಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಕೌನ್ಸಿಲ್ ಆ ದೃಶ್ಯಗಳನ್ನು ತನ್ನ ವ್ಯವಸ್ಥೆಯ ಯಶಸ್ಸೆಂದು ಮಾಧ್ಯಮಗಳಿಗೆ ಕೊಟ್ಟಿತು. ಪರಿಚಿತರು ಅವರನ್ನು ಗುರುತಿಸಿದರು. 2003ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದಿತು. ನೋಡಿದ್ದು ತಪ್ಪಾಗಲಿಲ್ಲ, ಹಂಚಿದ್ದು ತಪ್ಪಾಯಿತು. ಹೊಸಬರು ಕೊಠಡಿಯೊಳಗೆ ಮೊಬೈಲ್ ತರುವಂತಿಲ್ಲವೇಕೆ ಎಂದು ಕೇಳಿದಾಗಲೂ ನಾನು ಈ ಪ್ರಕರಣವನ್ನೇ ಮುಂದಿಡುತ್ತೇನೆ.

ಪೊಲೀಸರಿಗೆ ಸಾಕ್ಷ್ಯ ಕೊಡುವಾಗ ಪ್ರತಿಗೆ ಸಂಖ್ಯೆ, ಸಮಯ, ಪಡೆದವರ ಸಹಿ ಇರಬೇಕು. ದೃಶ್ಯದ ಮೇಲಿನ ಗಡಿಯಾರ ನಿಜವಾದ ಸಮಯಕ್ಕೆ ಹೊಂದುತ್ತದೆಯೇ ಎಂಬುದನ್ನೂ ಬರೆಯಬೇಕು. ಜನಸಾಮಾನ್ಯರಿಗೂ ತಮ್ಮ ದೃಶ್ಯ ಕೇಳುವ ಹಕ್ಕಿದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು, ಅಗತ್ಯವಿದ್ದಲ್ಲಿ ಬೇರೆಯವರ ಮುಖ ಮಸುಕಾಗಿಸಬೇಕು. ನಮ್ಮಲ್ಲಿ 31 ದಿನ ಕಳೆದರೆ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಕೇಳುವುದಿದ್ದರೆ ಬೇಗ ಕೇಳಿ, ದಿನಾಂಕ, ಸುಮಾರು ಹೊತ್ತು, ನಿಂತಿದ್ದ ಜಾಗ, ಧರಿಸಿದ್ದ ಬಟ್ಟೆ ಬರೆದುಕೊಡಿ. ಸೈಕಲ್ ಕಳೆದುಕೊಂಡವರು ಅದನ್ನು ಎಷ್ಟು ಹೊತ್ತಿಗೆ ನಿಲ್ಲಿಸಿ ಹೋದರು, ಎಷ್ಟು ಹೊತ್ತಿಗೆ ಮರಳಿ ಬಂದರು ಎಂಬುದನ್ನೂ ಪೊಲೀಸ್ ದೂರಿನಲ್ಲಿ ಸೇರಿಸಿದರೆ ನಾವು ಹುಡುಕಬೇಕಾದ ಭಾಗ ಬಹಳ ಕಿರಿದಾಗುತ್ತದೆ.