ಯೆನ್ ಬಿಲ್ ಕಟ್ಟುತ್ತಾ ಕಲಿತ ಕರೆನ್ಸಿ ಲೆಕ್ಕ

ಪೀಣ್ಯದ ಒಂದು ಸಣ್ಣ ಮಷಿನ್ ಕಂಪನಿಯಲ್ಲಿ ನಾನು ಹಣಕಾಸು ನೋಡಿಕೊಳ್ಳುತ್ತೇನೆ. ಬೇರಿಂಗು, ಸ್ಪಿಂಡಲ್ಲು ಎಲ್ಲ ಜಪಾನಿನಿಂದ ಬರುತ್ತವೆ. ಬಿಲ್ ಯೆನ್‌ನಲ್ಲಿ, ಕಟ್ಟೋದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಯೆನ್ ಎಲ್ಲಿಗೆ ಹೋಗಿರುತ್ತೆ ಅನ್ನೋದೇ ನನ್ನ ತಲೆನೋವು.

ಮೊದಲು ಗೊತ್ತಾಗಬೇಕಾದದ್ದು, ಯೆನ್-ರೂಪಾಯಿ ದರ ಎರಡು ದರಗಳು ಸೇರಿ ಆಗಿರುವುದು. ಒಂದು ಡಾಲರ್-ರೂಪಾಯಿ, ಇನ್ನೊಂದು ಡಾಲರ್-ಯೆನ್. ಡಾಲರ್-ಯೆನ್ ಅಂದರೆ ಒಂದು ಡಾಲರ್‌ಗೆ ಎಷ್ಟು ಯೆನ್ ಅಂತ; ಅಂಕಿ ಏರಿದರೆ ಯೆನ್ ಬಿದ್ದ ಹಾಗೆ. ಡಾಲರ್-ರೂಪಾಯಿಯನ್ನು ರಿಸರ್ವ್ ಬ್ಯಾಂಕ್ ಜಾಸ್ತಿ ಕುಣಿಯಲು ಬಿಡುವುದಿಲ್ಲ. 2024ರ ಬಹುಪಾಲು ಅದು 83-84ರ ಆಸುಪಾಸಿನಲ್ಲೇ ಇತ್ತು. ಅದೇ ವರ್ಷ ಡಾಲರ್-ಯೆನ್ 141ರಿಂದ ಹೊರಟು ಜುಲೈ ಆರಂಭಕ್ಕೆ 162ರ ಹತ್ತಿರ ಹೋಯಿತು. 1986ರ ನಂತರ ಅಲ್ಲಿವರೆಗೆ ಯೆನ್ ಅಷ್ಟು ಬಿದ್ದಿರಲೇ ಇಲ್ಲ. ಹಾಗಾಗಿ ನನ್ನ ಸಮಯವೆಲ್ಲ ಡಾಲರ್-ಯೆನ್‌ಗೇ ಹೋಗುತ್ತದೆ.

ಚಾರ್ಟ್ ನೋಡ್ತೀನಿ, ಇಲ್ಲ ಅನ್ನಲ್ಲ. ಆದರೆ ಬೆಳಿಗ್ಗೆ ಮೊದಲು ಬರೆಯುವುದು ಎರಡು ಅಂಕಿ: ಅಮೆರಿಕದ ಎರಡು ವರ್ಷದ ಸರ್ಕಾರಿ ಬಾಂಡಿನ ಬಡ್ಡಿ, ಜಪಾನಿನ ಎರಡು ವರ್ಷದ ಬಾಂಡಿನ ಬಡ್ಡಿ. ಪಕ್ಕದಲ್ಲಿ ಅವೆರಡರ ಅಂತರ. ಎರಡೇ ವರ್ಷದ್ದು ಯಾಕೆ ಅಂದರೆ, ಸೆಂಟ್ರಲ್ ಬ್ಯಾಂಕ್ ಮುಂದೆ ಏನು ಮಾಡಬಹುದು ಅನ್ನುವ ಊಹೆ ಮೊದಲು ಬಂದು ಕೂರುವುದು ಅಲ್ಲೇ. ಅಂತರ ದೊಡ್ಡದಿದ್ದಷ್ಟು ದಿನ ದೊಡ್ಡ ಫಂಡುಗಳು ಕಡಿಮೆ ಬಡ್ಡಿಗೆ ಯೆನ್ ಸಾಲ ತಗೊಂಡು, ಮಾರಿ, ಡಾಲರ್‌ನಲ್ಲಿ ಇಡುತ್ತವೆ. ಇದೇ ಕ್ಯಾರಿ ಟ್ರೇಡ್.

2024ರ ಮಾರ್ಚ್ 19ರಂದು ಬ್ಯಾಂಕ್ ಆಫ್ ಜಪಾನ್ ಹದಿನೇಳು ವರ್ಷಗಳಲ್ಲಿ ಮೊದಲ ಸಲ ಬಡ್ಡಿ ಏರಿಸಿತು. ಯೆನ್ ಮೇಲೇಳಬೇಕಿತ್ತು ಅಲ್ವಾ? ಬಿದ್ದೇ ಹೋಯಿತು. ಸುದ್ದಿ ಮೊದಲೇ ಸೋರಿತ್ತು, ಮಾರುಕಟ್ಟೆ ಅದನ್ನು ಅರಗಿಸಿಕೊಂಡಾಗಿತ್ತು. ಅಲ್ಲದೆ ಜಪಾನಿನಲ್ಲಿ ಬಡ್ಡಿ ಸೊನ್ನೆಯಿಂದ 0.1ರೊಳಗೆ, ಅಮೆರಿಕದಲ್ಲಿ 5.25ರಿಂದ 5.5 ಪರ್ಸೆಂಟ್. ಅಂತರ ಎಲ್ಲಿ ಕಡಿಮೆಯಾಯಿತು? ಏರಿಸಿದರೋ ಇಳಿಸಿದರೋ ಎನ್ನುವುದಕ್ಕಿಂತ, ಜನ ಏನು ನಿರೀಕ್ಷಿಸಿದ್ದರು ಎನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು ನನಗೆ ಆಗಿನಿಂದ ರೂಢಿ.

ಇನ್ನೊಂದು ಕಾಲಂ ಶನಿವಾರದ್ದು. ಅಮೆರಿಕದಲ್ಲಿ ಫ್ಯೂಚರ್ಸ್ (ಮುಂದಿನ ತಾರೀಕಿಗೆ ಈಗಲೇ ದರ ಕಟ್ಟುವ ಕಾಂಟ್ರಾಕ್ಟು, ನಡೆಯುವುದು ಎಕ್ಸ್‌ಚೇಂಜಿನಲ್ಲಿ) ವಹಿವಾಟಿನ ಮೇಲೆ ಕಣ್ಣಿಡುವ ಸಂಸ್ಥೆ ಸಿಎಫ್‌ಟಿಸಿ ಪ್ರತಿ ವಾರ ಒಂದು ವರದಿ ಹಾಕುತ್ತದೆ. ಸಟ್ಟಾ ಮಾಡುವವರು ಯಾವ ಕರೆನ್ಸಿಯಲ್ಲಿ ಯಾವ ಕಡೆ ಎಷ್ಟು ನಿಂತಿದ್ದಾರೆ ಅಂತ ಅದರಲ್ಲಿರುತ್ತದೆ. ಮಂಗಳವಾರದ ಅಂಕಿ, ನಮಗೆ ಸಿಗುವಾಗ ಶನಿವಾರ ಆಗಿರುತ್ತದೆ. ಹಳಸಿದ್ದೇ, ಆದರೂ ಉಪಯೋಗಕ್ಕೆ ಬರುತ್ತದೆ. 2024ರ ಜುಲೈ ಆರಂಭದಲ್ಲಿ ಯೆನ್ ವಿರುದ್ಧ, ಅಂದರೆ ಅದು ಬೀಳುತ್ತೆ ಅಂತ ಕಟ್ಟಿದ, 1.8 ಲಕ್ಷಕ್ಕೂ ಜಾಸ್ತಿ ಕಾಂಟ್ರಾಕ್ಟುಗಳಿದ್ದವು. 2007ರ ನಂತರ ಅಷ್ಟು ಕಂಡಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಎಲ್ಲರೂ ಒಂದೇ ಬಾಗಿಲ ಕಡೆ ನುಗ್ಗುವ ಹಾಗೆ ಒಂದು ದಿನ ಆಗುತ್ತದೆ ಅನ್ನಿಸಿತು. ಯಾವತ್ತು ಅಂತ ಹೇಳಲು ಬರುವುದಿಲ್ಲ. ಹೇಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ಆಗ ನೂರು ಯೆನ್‌ಗೆ ಸುಮಾರು 51 ರೂಪಾಯಿ 60 ಪೈಸೆ. ಒಂದು ಕೋಟಿ ಯೆನ್ ಬಿಲ್ ಅಂದರೆ 51.6 ಲಕ್ಷ. ಮಾಲೀಕರು "ಇನ್ನೂ ಬೀಳುತ್ತೆ, ಕಾಯೋಣ" ಅಂದರು. ನನ್ನ ಪದ್ಧತಿ ಬೇರೆ. ಬಿಲ್ ಬಂದ ದಿನವೇ ಮೂರನೇ ಒಂದು ಭಾಗವನ್ನು ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡುತ್ತೇನೆ, ಅಂದರೆ ಮೂರು ತಿಂಗಳ ಮೇಲೆ ಬೇಕಾಗುವ ಯೆನ್‌ಗೆ ಇವತ್ತೇ ದರ ಗಟ್ಟಿ ಮಾಡಿಕೊಳ್ಳುತ್ತೇನೆ. ಬಡ್ಡಿ ಅಂತರ ಕುಗ್ಗಲು ಶುರುವಾದರೆ ಎರಡನೇ ಭಾಗ. ಉಳಿದದ್ದನ್ನು ಕೊನೆಯವರೆಗೂ ಬಿಡುತ್ತೇನೆ.

ಜುಲೈ 11ರ ಸಂಜೆ ಆರಕ್ಕೆ ಅಮೆರಿಕದ ಹಣದುಬ್ಬರದ ಅಂಕಿ ಬಂತು. ಬೆಲೆಗಳು ಹಿಂದಿನ ತಿಂಗಳಿಗಿಂತ 0.1 ಪರ್ಸೆಂಟ್ ಇಳಿದಿದ್ದವು. ಅಂದರೆ ಅಲ್ಲಿ ಬಡ್ಡಿ ಇಳಿಯಬಹುದು, ಅಂತರ ಕುಗ್ಗಬಹುದು. ಅದೇ ಹೊತ್ತಿಗೆ ಜಪಾನ್ ಸರ್ಕಾರ ಯೆನ್ ಕೊಳ್ಳಲು ಇಳಿಯಿತು. ಡಾಲರ್-ಯೆನ್ 161ರ ಮೇಲಿದ್ದದ್ದು ಸ್ವಲ್ಪ ಹೊತ್ತಿನಲ್ಲೇ 158ರ ಕೆಳಗೆ. ಆ ತಿಂಗಳು ಅವರು ಖರ್ಚು ಮಾಡಿದ್ದು ಸುಮಾರು 5.5 ಲಕ್ಷ ಕೋಟಿ ಯೆನ್ ಅಂತ ಆಮೇಲೆ ಅವರೇ ಪ್ರಕಟಿಸಿದರು. ಮರುದಿನ ಎರಡನೇ ಭಾಗ ಬುಕ್ ಮಾಡಿದೆ.

ಜುಲೈ 31ಕ್ಕೆ ಜಪಾನ್ ಬಡ್ಡಿ 0.25ಕ್ಕೆ ಏರಿತು. ಆಗಸ್ಟ್ 2, ಶುಕ್ರವಾರ ಸಂಜೆ, ಅಮೆರಿಕದ ಉದ್ಯೋಗದ ಅಂಕಿ ಕೆಟ್ಟದಾಗಿ ಬಂತು. ನಿರುದ್ಯೋಗ 4.3 ಪರ್ಸೆಂಟ್. ನಮ್ಮಲ್ಲಿ ರೂಪಾಯಿ ಫ್ಯೂಚರ್ಸ್ ಐದಕ್ಕೇ ಮುಚ್ಚುತ್ತದೆ, ಈ ಅಂಕಿಗಳು ಬರುವುದು ಆರರ ಮೇಲೆ. ಅಂದರೆ ಸ್ಟಾಪ್‌ಲಾಸ್ (ಇಷ್ಟಕ್ಕಿಂತ ನಷ್ಟವಾದರೆ ತಾನಾಗಿಯೇ ಹೊರಬರುವ ಆರ್ಡರ್) ಹಾಕಿಟ್ಟರೂ ಮಾರನೆಯ ಬೆಳಿಗ್ಗೆ ದರ ಅದನ್ನು ಹಾರಿಕೊಂಡೇ ಶುರುವಾಗಬಹುದು. ಸೋಮವಾರ, ಆಗಸ್ಟ್ 5. ನಮ್ಮ ಹನ್ನೊಂದೂವರೆಗೆ ಟೋಕಿಯೊ ಮುಚ್ಚುವಾಗ ಅಲ್ಲಿನ ಷೇರು ಸೂಚ್ಯಂಕ ನಿಕ್ಕೇ 12.4 ಪರ್ಸೆಂಟ್ ಬಿದ್ದಿತ್ತು. ಡಾಲರ್-ಯೆನ್ 142ರ ಹತ್ತಿರ. ನೂರು ಯೆನ್‌ಗೆ 59 ರೂಪಾಯಿ. ಒಂದೇ ತಿಂಗಳಲ್ಲಿ ಅದೇ ಬಿಲ್ಲಿಗೆ ಏಳು ಲಕ್ಷಕ್ಕೂ ಜಾಸ್ತಿ. ಆವತ್ತು ನಾನು ಏನನ್ನೂ ಕೊಳ್ಳಲಿಲ್ಲ. ಯೆನ್ ಸಾಲ ತೀರಿಸಲು ಗಾಬರಿಯಲ್ಲಿ ಓಡುವವರ ದರ ಅದು. ಎರಡು ದಿನದಲ್ಲಿ ಬ್ಯಾಂಕ್ ಆಫ್ ಜಪಾನಿನ ಡೆಪ್ಯುಟಿ ಗವರ್ನರ್ ಉಚಿದಾ, ಮಾರುಕಟ್ಟೆ ಅಲ್ಲಾಡುತ್ತಿರುವಾಗ ಬಡ್ಡಿ ಏರಿಸುವುದಿಲ್ಲ ಅಂದರು. ಯೆನ್ ಮತ್ತೆ ಇಳಿಯಿತು. ಉಳಿದ ಭಾಗವನ್ನು ಆಮೇಲೆ ತೀರಿಸಿದೆ.

ಫ್ಯೂಚರ್ಸ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಎಕ್ಸ್‌ಚೇಂಜಿನಲ್ಲಿ ಒಂದು ಲಾಟ್ ಅಂದರೆ ಒಂದು ಲಕ್ಷ ಯೆನ್, ಸಣ್ಣವರಿಗೆ ಅನುಕೂಲವೇ. ಆದರೆ 2024ರ ಮೇ ತಿಂಗಳಿಂದ, ನಿಜವಾದ ಆಮದು-ರಫ್ತು ಥರದ ವ್ಯವಹಾರ ಇದ್ದವರಷ್ಟೇ ರೂಪಾಯಿ ಕಾಂಟ್ರಾಕ್ಟು ಮಾಡಬಹುದು ಎಂಬ ನಿಯಮ ಬಿಗಿಯಾಯಿತು, ವ್ಯಾಪಾರ ಒಣಗಿತು. ನಮಗೆ ಬಿಲ್ ಇದೆ, ತೊಂದರೆಯಿಲ್ಲ. ಎದುರು ಕಡೆ ಮಾರುವವರೇ ಇಲ್ಲದಿದ್ದರೆ ಏನು ಮಾಡೋದು? ಇನ್ನು ಟೆಲಿಗ್ರಾಮಿನಲ್ಲಿ ಸಿಗುವ ವಿದೇಶಿ ಫಾರೆಕ್ಸ್ ಆ್ಯಪುಗಳ ಕಡೆ ತಲೆ ಹಾಕಬೇಡಿ. ಅನುಮತಿ ಇಲ್ಲದವುಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕೇ ಹಾಕಿದೆ.

ಫಾರ್ವರ್ಡ್ ದರ ಇವತ್ತಿನ ದರಕ್ಕಿಂತ ಯಾವಾಗಲೂ ಜಾಸ್ತಿ ಇರುತ್ತಿತ್ತು. ಬ್ಯಾಂಕಿನವರು ಮೋಸ ಮಾಡ್ತಾರೆ ಅಂತ ಮಾಲೀಕರ ಗುಮಾನಿ. ಅವರ ಕಮಿಷನ್ ಇದ್ದೇ ಇರುತ್ತದೆ, ಆದರೆ ಮುಖ್ಯ ಕಾರಣ ಭಾರತ ಮತ್ತು ಜಪಾನಿನ ಬಡ್ಡಿಯ ಅಂತರ. ಮೂರು ತಿಂಗಳಿಗೆ ಸುಮಾರು ಒಂದೂವರೆ ಪರ್ಸೆಂಟ್ ಆಗುತ್ತಿತ್ತು. 2025ರ ಜನವರಿಯಲ್ಲಿ ಜಪಾನ್ ಬಡ್ಡಿಯನ್ನು 0.5ಕ್ಕೆ ಏರಿಸಿತು, ಜೂನ್ ಹೊತ್ತಿಗೆ ನಮ್ಮ ರಿಸರ್ವ್ ಬ್ಯಾಂಕಿನ ಬಡ್ಡಿ ದರ ರೆಪೋ 6.5ರಿಂದ 5.5ಕ್ಕೆ ಇಳಿಯಿತು. ಫಾರ್ವರ್ಡ್‌ಗೆ ಕೊಡುವ ಆ ಹೆಚ್ಚುವರಿ, ಅಂದರೆ ಪ್ರೀಮಿಯಂ, ತಾನಾಗಿಯೇ ತಗ್ಗಿತು. ಮಾಲೀಕರು ಅದನ್ನು ನನ್ನ ಚೌಕಾಸಿಯ ಫಲ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.