ರಾಜಮುಡಿ ಅಕ್ಕಿಯಲ್ಲಿ ಅಣಬೆ-ಚೀಸ್ ಗಂಜಿ: ನನ್ನ ಅನುಭವ

ಮೂಡಿಗೆರೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಮಧ್ಯೆ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ಅಡುಗೆ ನಂದೇ. ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸ ಮಾಡುವ ನಮ್ಮ ನೆಂಟರ ಹುಡುಗ ಎರಡು ವರ್ಷದ ಹಿಂದೆ ಬಂದಾಗ, ರಾಜಮುಡಿಯಲ್ಲಿ ರಿಸೊಟ್ಟೊ (ಇಟಲಿಯವರು ತಿರುವಿ ತಿರುವಿ ಕೆನೆಕಟ್ಟುವ ಹಾಗೆ ಬೇಯಿಸುವ ಅನ್ನ) ಮಾಡಬೇಕು ಅಂತಿದ್ದೀನಿ ಅಂದೆ. "ಚಿಕ್ಕಮ್ಮ, ಅದಕ್ಕೆ ಅರ್ಬೋರಿಯೊ ಅಕ್ಕಿನೇ ಬೇಕು. ನಮ್ಮ ಅಕ್ಕಿಯಲ್ಲಿ ಆಗಲ್ಲ, ಸುಮ್ನೆ ದುಡ್ಡು ಹಾಳು" ಅಂದ. ಹೋದ ಡಿಸೆಂಬರಿನಲ್ಲಿ ಅವನೇ ಎರಡು ಸಲ ಹಾಕಿಸಿಕೊಂಡು ತಿಂದ. ಅಕ್ಕಿ ಯಾವುದು ಅಂತ ಮೂರನೇ ಸಲ ಬಡಿಸುವಾಗ ಹೇಳಿದೆ. ಅವನ ಮುಖ ನೋಡಬೇಕಿತ್ತು.

ಆದರೆ ದುಡ್ಡು ಹಾಳಾಗಿದ್ದು ಸುಳ್ಳಲ್ಲ. ಕೈಗೆ ಹತ್ತುವಷ್ಟರಲ್ಲಿ ಹೆಚ್ಚುಕಡಿಮೆ ಹನ್ನೊಂದು ಸಾವಿರ ರೂಪಾಯಿ ಅಣಬೆ, ಚೀಸ್, ಅಕ್ಕಿ ಅಂತ ಗೊಬ್ಬರದ ಗುಂಡಿ ಸೇರಿತ್ತು. ಲೆಕ್ಕ ಬರೆದಿಟ್ಟಿಲ್ಲ. ನಮ್ಮ ಮನೆಯವರು ಮಾತ್ರ ಇಪ್ಪತ್ತು ಸಾವಿರ ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ.

ಮೊದಲು ಅರ್ಬೋರಿಯೊದಲ್ಲೇ ಮಾಡಿ ನೋಡಿದೆ. ಕೆಜಿಗೆ ಐನೂರರ ಮೇಲೆ ಬಿತ್ತು. ಚೆನ್ನಾಗೇ ಬಂತು, ಹದಿನೆಂಟು ನಿಮಿಷಕ್ಕೆ ಬೆಂದಿತು, ತಾನಾಗೇ ಕೆನೆಕಟ್ಟಿತು. ಆದರೆ ಹೊಳೆನರಸೀಪುರದ ಕಡೆಯಿಂದ ಮನೆಗೆ ಮೂಟೆಯಲ್ಲಿ ರಾಜಮುಡಿ ಬರುವಾಗ, ಇಟಲಿ ಹೆಸರಿನ ಅಕ್ಕಿಗೆ ಐದು ಪಟ್ಟು ದುಡ್ಡು ಕೊಡಲು ಮನಸ್ಸು ಬರಲಿಲ್ಲ. ನನಗೆ ರಾಜಮುಡಿ ಕೆಜಿಗೆ ತೊಂಬತ್ತರ ಆಸುಪಾಸಿನಲ್ಲಿ ಸಿಗುತ್ತದೆ.

ಮೊದಲ ಮೂರು ಸಲ ರಾಜಮುಡಿ ಪೂರಾ ಕೈಕೊಟ್ಟಿತು. ಅರ್ಧ ಗಂಟೆ ತಿರುವಿದರೂ ಕಾಳು ಬೇರೆ, ನೀರು ಬೇರೆ. ಮೇಲೆ ಚೀಸ್ ಹಾಕಿದ ತಿಳಿಸಾರನ್ನ ಇದ್ದ ಹಾಗೆ. ಕಾರಣ ಆಮೇಲೆ ಹೊಳೆಯಿತು. ನಾವು ತರಿಸುವುದು ಕಮ್ಮಿ ಪಾಲಿಶ್ ಮಾಡಿದ ಕೆಂಪಕ್ಕಿ. ಮೇಲಿನ ತೌಡಿನ ಪದರ ಒಳಗಿನ ಗಂಜಿಯನ್ನು ಹೊರಗೆ ಬಿಡುವುದಿಲ್ಲ. ಎಷ್ಟು ತಿರುವಿದರೂ ಅಷ್ಟೇ. ಪೂರ್ತಿ ಪಾಲಿಶ್ ಆದದ್ದು ತಂದೆ, ಅದು ಮುದ್ದೆಯಾಯಿತು. ಅದರಲ್ಲಿ ರಾಜಮುಡಿಯ ರುಚಿಯೂ ಇರಲಿಲ್ಲ, ಹಾಗಿದ್ದ ಮೇಲೆ ರಾಜಮುಡಿ ಯಾಕೆ?

ದಾರಿ ತೋರಿಸಿದ್ದು ನಮ್ಮತ್ತೆ, ಅದೂ ಬೈಯುತ್ತಾ. ನಾಲ್ಕನೇ ಸಲದ್ದನ್ನು ರುಚಿ ನೋಡಲು ಕೊಟ್ಟೆ. "ಏನೇ ಇದು? ಗಂಜಿ ಮಾಡೋಕೂ ಬರಲ್ವಾ ನಿಂಗೆ? ಒಂದು ಹಿಡಿ ನುಚ್ಚು ಹಾಕಿದ್ರೆ ತಾನೇ ಗಟ್ಟಿ ಬರ್ತಿತ್ತು" ಅಂದರು. ಅವರಿಗೆ ಅದು ಜ್ವರ ಬಂದವರಿಗೆ ಮಾಡುವ ಗಂಜಿ. ನನಗೆ ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ತಿರುಗಿತು. ಬೆಳಿಗ್ಗೆ ತಿಂಡಿ ಕೆಲಸ ಮುಗಿದದ್ದೇ ಪಾತ್ರೆ ಇಟ್ಟೆ.

ಈಗ ಮಾಡುವುದು ಹೀಗೆ. ಒಂದು ಪಾವು ರಾಜಮುಡಿ ಇಡೀ ಕಾಳು, ಕಾಲು ಪಾವು ಅದೇ ಅಕ್ಕಿಯ ನುಚ್ಚು. ನುಚ್ಚಿಗೆ ಮಾತ್ರ ಪಾಲಿಶ್ ಆದ ಅಕ್ಕಿ ತೆಗೆದುಕೊಳ್ಳುತ್ತೇನೆ. ಮಿಕ್ಸಿಯಲ್ಲಿ ಎರಡೇ ಸುತ್ತು, ಜರಡಿ ಹಿಡಿದು ಹಿಟ್ಟು ಬೇರೆ ಮಾಡಬೇಕು. ಇಡೀ ಕಾಳನ್ನು ಒಂದು ಗಂಟೆ ನೆನೆಸುತ್ತೇನೆ. ಮೊದಲು ಅದನ್ನು ಬೇಯಲು ಹಾಕಿ, ಹದಿನೈದು ನಿಮಿಷ ಕಳೆದ ಮೇಲೆ ನುಚ್ಚು ಹಾಕುತ್ತೇನೆ. ನುಚ್ಚು ಕರಗಿ ಕೆನೆಯಾಗುತ್ತದೆ, ಇಡೀ ಕಾಳು ಹಲ್ಲಿಗೆ ಸಿಗುತ್ತದೆ. ಒಟ್ಟು ಇಪ್ಪತ್ತೆಂಟು ಮೂವತ್ತು ನಿಮಿಷ. ಪಾವಿಗೆ ಐದೂವರೆ ಪಾವಿನಷ್ಟು ನೀರು ಹಿಡಿಯುತ್ತದೆ, ಹೊಸ ಅಕ್ಕಿಯಾದರೆ ಇನ್ನೂ ಕಮ್ಮಿ.

ಇದರಲ್ಲೂ ಒಂದು ತಪ್ಪು ಮಾಡಿದ್ದೆ. ತರಿ ಕಡುಬಿಗೆ ಹುರಿದು ಹುರಿದು ಕೈ ಅಭ್ಯಾಸವಾಗಿತ್ತು ನೋಡಿ, ನುಚ್ಚನ್ನೂ ಘಮ್ಮೆನ್ನುವ ಹಾಗೆ ಹುರಿದೆ. ಕೆನೆ ಬರಲೇ ಇಲ್ಲ, ಉಪ್ಪಿಟ್ಟಿನ ಹಾಗೆ ಉದುರುದುರಾಯಿತು. ನುಚ್ಚು ಹುರಿಯಬೇಡಿ. ಇಡೀ ಕಾಳನ್ನು ಬೇಕಾದರೆ ಬೆಣ್ಣೆ, ಈರುಳ್ಳಿ ಜೊತೆ ಸ್ವಲ್ಪ ಹೊತ್ತು ತಿರುವಿಕೊಳ್ಳಿ.

ಅಕ್ಕಿ ತೊಳೆಯಬಾರದು ಅಂತ ಇಟಲಿಯವರ ಪಾಠ. ನಮ್ಮ ಮೂಟೆ ಅಕ್ಕಿ ತೊಳೆಯದೆ ಆಗುತ್ತಾ? ಮೊದಲ ನೀರು ಬಾಳೆ ಬುಡಕ್ಕೆ. ಎರಡನೇ ಅಕ್ಕಚ್ಚನ್ನು ಚೆಲ್ಲದೆ ಅಣಬೆ ಬೇಯಿಸುವ ನೀರಿಗೆ ಸೇರಿಸುತ್ತೇನೆ. ಹೋಗುವ ಗಂಜಿ ಅಷ್ಟಿಷ್ಟು ವಾಪಸ್ ಬಂದ ಹಾಗೆ.

ಇನ್ನು ಅಣಬೆ. ಬಟನ್ ಅಣಬೆ 200 ಗ್ರಾಂ ಪ್ಯಾಕೆಟ್ಟಿಗೆ ಐವತ್ತರಿಂದ ಅರವತ್ತು. ಅದರಲ್ಲಿ ನೂರಕ್ಕೆ ತೊಂಬತ್ತು ನೀರೇ. ಅನ್ನದ ಪಾತ್ರೆಗೇ ಹಸಿ ಅಣಬೆ ಸುರಿದರೆ ರಬ್ಬರ್ ತಿಂದ ಹಾಗಿರುತ್ತದೆ, ನಾನೂ ತಿಂದಿದ್ದೇನೆ. ದೋಸೆ ಕಾವಲಿ ಹೊಗೆಯಾಡುವಷ್ಟು ಕಾಯಲಿ. ಒಂದು ಸಲಕ್ಕೆ ಒಂದೇ ಪ್ಯಾಕೆಟ್, ಒಂದರ ಮೇಲೊಂದು ಬೀಳಬಾರದು. ಉಪ್ಪು ಕೊನೆಗೆ. ಅಂಚು ಕಂದು ಬಣ್ಣಕ್ಕೆ ಬರುವವರೆಗೆ ಮುಟ್ಟಬಾರದು. ಸಹಾಯಕ್ಕೆ ಬರುವ ಹುಡುಗಿಗೆ ಈ ಮುಟ್ಟಬಾರದು ಅನ್ನುವುದನ್ನು ಕಲಿಸಲು ನನಗೆ ಎರಡು ತಿಂಗಳು ಹಿಡಿಯಿತು. ಹುರಿದದ್ದರಲ್ಲಿ ಅರ್ಧ ಅನ್ನಕ್ಕೆ, ಅರ್ಧ ಬಡಿಸುವಾಗ ಮೇಲಕ್ಕೆ.

ಆದರೆ ರುಚಿ ಬರುವುದು ಒಣ ಅಣಬೆಯಿಂದ, ಅದನ್ನು ಕುದಿಸಿದ ನೀರಿನಲ್ಲೇ ಅಕ್ಕಿ ಬೇಯಿಸುವುದು. ಅದಕ್ಕೆ ಚಿಪ್ಪಣಬೆ ಮನೆಯಲ್ಲೇ ಬೆಳೆಯೋಣ ಅಂತ ಹೊರಟೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಬೀಜ ತರಿಸಿದೆ. ಭತ್ತದ ಹುಲ್ಲಿನ ಚೀಲಗಳು ಚೆನ್ನಾಗಿ ಬಂದವು, ಇಪ್ಪತ್ತೈದು ದಿನದ ಸುಮಾರಿಗೆ ಮೊದಲ ಕೊಯ್ಲು. ಅಲ್ಲಿಗೆ ಸುಮ್ಮನಿರಬೇಕಿತ್ತು. ಕಾಫಿ ಸಿಪ್ಪೆ ರಾಶಿ ಬಿದ್ದಿದೆ, ಖರ್ಚಿಲ್ಲದೆ ಆಗುತ್ತದೆ ಅಂತ ಹನ್ನೆರಡು ಚೀಲ ಅದರಲ್ಲಿ ತುಂಬಿದೆ. ಒಂಬತ್ತಕ್ಕೆ ಹಸಿರು ಬೂಷ್ಟು ಹಿಡಿಯಿತು. ಸಿಪ್ಪೆ ಸರಿಯಾಗಿ ಬೇಯಿಸಿರಲಿಲ್ಲ, ನೀರೂ ಜಾಸ್ತಿ ಉಳಿದಿತ್ತು. ಉಳಿದ ಮೂರರಲ್ಲಿ ಅಣಬೆ ಬಂತು, ಹುಲ್ಲಿನದಕ್ಕಿಂತ ದಪ್ಪವಾಗೇ ಬಂತು. ಇನ್ನೊಂದು ಸಲ ನೋಡುವ ಆಸೆ ಇದೆ, ಮನೆಯವರಿಗೆ ಹೇಳಿಲ್ಲ.

ಬೇಸಿಗೆಯಲ್ಲಿ ಕಾಫಿ ಕಣದಲ್ಲಿ ಎರಡು ಬಿಸಿಲಿಗೆ ಅಣಬೆ ಗರಿಗರಿ ಒಣಗುತ್ತದೆ. ಒಂದು ಕೆಜಿ ಹಸಿಗೆ ಹೆಚ್ಚೆಂದರೆ ನೂರು ಗ್ರಾಂ ಒಣದು. ಮಳೆಗಾಲದಲ್ಲಿ ಸೌದೆ ಒಲೆಯ ಮೇಲಿನ ಅಟ್ಟವೇ ಗತಿ. ಅಲ್ಲಿ ಒಣಗಿದ್ದಕ್ಕೆ ಹೊಗೆ ವಾಸನೆ ಅಂಟಿತು, ಛೇ ಅಂತ ಡಬ್ಬಿಗೆ ಹಾಕಿ ಮೂಲೆಗಿಟ್ಟೆ. ಒಂದು ದಿನ ಬೇರೆ ಇಲ್ಲದೆ ಅದನ್ನೇ ಕುದಿಸಿದೆ. ಆ ದಿನ ಬಂದಿದ್ದವರು ಪಾತ್ರೆ ಬರಿದು ಮಾಡಿದರು. ಈಗ ಮುಕ್ಕಾಲು ಪಾಲು ಬಿಸಿಲಿನದು, ಕಾಲು ಪಾಲು ಹೊಗೆಯದು. ಜೊತೆಗೆ ಈರುಳ್ಳಿ, ತೋಟದ ಕರಿಮೆಣಸು, ಮತ್ತೆ ಇನ್ನೊಂದು ಎಲೆ. ಆ ಎಲೆ ಯಾವುದು ಅಂತ ಹೇಳಲ್ಲ. ಇಟಲಿಯವರು ವೈನ್ ಸುರಿಯುವ ಜಾಗದಲ್ಲಿ ನಾನು ಒಂದು ಹುಳಿಯ ನಾಲ್ಕೇ ತೊಟ್ಟು ಬಿಡುತ್ತೇನೆ. ಕೊಡಗಿನ ಕಡೆ ಸಂಬಂಧ ಇರುವವರಿಗೆ ಇಷ್ಟು ಹೇಳಿದರೆ ಗೊತ್ತಾಗುತ್ತದೆ.

ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಅಣಬೆ ಹಾಕಬಾರದಾ ಅಂತ ಬಂದವರೆಲ್ಲ ಕೇಳುತ್ತಾರೆ. ಹಾಕಿ ನೋಡಿದ್ದೇನೆ. ಅದರ ಘಮ ಚೀಸ್‌ನಲ್ಲಿ ಮುಳುಗಿ ಹೋಗುತ್ತದೆ. ಅದಕ್ಕೆ ಕಾಯಿ ಅರೆದ ಸಾರೇ ಸರಿ, ಅಕ್ಕಿರೊಟ್ಟಿ ಜೊತೆಗೆ. ಮತ್ತೆ ಕಾಡಿನಿಂದ ತಂದ ಅಣಬೆಯನ್ನು ದುಡ್ಡು ಕೊಡುವ ಅತಿಥಿಗೆ ನಾನು ಹಾಕುವುದಿಲ್ಲ. ಅತ್ತೆ ಕಣ್ಣಲ್ಲಿ ನೋಡಿ ಹೌದು ಅಂದರೆ ನಾವು ಮನೆಯವರು ತಿನ್ನುತ್ತೇವೆ, ಅಷ್ಟೇ.

ಚೀಸ್‌ನಲ್ಲಿ ನನಗೆ ಬಿದ್ದಷ್ಟು ಪೆಟ್ಟು ಬೇರೆ ಯಾವುದರಲ್ಲೂ ಬಿದ್ದಿಲ್ಲ. ಪನೀರ್ ಕರಗುವುದಿಲ್ಲ, ಅದನ್ನು ಬಿಟ್ಟುಬಿಡಿ. ಮೊಝರೆಲ್ಲಾ ಹಾಕಿದೆ, ಚಮಚ ಎತ್ತಿದರೆ ಮಾರುದ್ದ ದಾರ. ಮಕ್ಕಳಿಗೆ ಖುಷಿ, ಐದು ನಿಮಿಷ ಆದಮೇಲೆ ತಟ್ಟೆಯಲ್ಲಿ ಗೋಂದು. ಬರೀ ಪ್ರಾಸೆಸ್ಡ್ ಚೀಸ್ ಹಾಕಿದರೆ ನುಣ್ಣಗೆ ಬರುತ್ತದೆ, ಆದರೆ ಅಂಗಡಿ ಸ್ಯಾಂಡ್‌ವಿಚ್ ರುಚಿ. ಕೊನೆಗೆ ಹೊರದೇಶದ ಪಾರ್ಮೆಸಾನ್ ಅರ್ಧ ಕೆಜಿ ತರಿಸಿದೆ, ಸಾವಿರದ ನಾನೂರೋ ಏನೋ ಕೊಟ್ಟೆ. ಕುದಿಯುವ ಪಾತ್ರೆಗೇ ತುರಿದು ಹಾಕಿಬಿಟ್ಟೆ. ಗಂಟುಗಂಟಾಗಿ ತಳಕ್ಕೆ ಕೂತಿತು, ಜಿಡ್ಡು ಬೇರೆಯಾಗಿ ಮೇಲೆ ತೇಲಿತು. ಉಳಿದದ್ದನ್ನು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟೆ. ಜುಲೈ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಬೆಣ್ಣೆ, ಮೊಸರಿನ ಜೊತೆ ಅದೂ ಬೂಷ್ಟು ಬಂತು. ಗಟ್ಟಿ ಚೀಸ್ ಆದರೆ ಬೂಷ್ಟಿನ ಸುತ್ತ ಒಂದು ಇಂಚು ಕೆತ್ತಿ ತೆಗೆದು ಬಳಸಬಹುದು ಅಂತ ಆಗ ಗೊತ್ತಿರಲಿಲ್ಲ. ಪೂರಾ ಎಸೆದೆ. ಅದರ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅತಿಥಿಯೊಬ್ಬರು, ಜೈನರು, ಊಟಕ್ಕೆ ಕೂರುವ ಮೊದಲು ಬಂದು, "ಇದರಲ್ಲಿ ರೆನೆಟ್ ಯಾವುದು ಮೇಡಂ?" ಅಂದರು. ನಾನು ಬ್ಬೆಬ್ಬೆಬ್ಬೆ. ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಯಲು ಬಳಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು ಅಂತ ಅವರೇ ಹೇಳಿದರು. ನಾನು ಸಸ್ಯಾಹಾರ ಅಂತ ಬೋರ್ಡಿನಲ್ಲಿ ಬರೆದುಬಿಟ್ಟಿದ್ದೆ! ಪುಣ್ಯಕ್ಕೆ ಅವರಿನ್ನೂ ತಿಂದಿರಲಿಲ್ಲ. ಅವತ್ತು ಅವರಿಗೆ ಬರೀ ಅನ್ನ, ಸಾರು. ಮಾರನೇ ದಿನದಿಂದ ಹಸಿರು ಚುಕ್ಕೆ ಇರುವ, ನಮ್ಮ ದೇಶದಲ್ಲೇ ಮಾಡಿದ ಗಟ್ಟಿ ಚೀಸ್ ಮಾತ್ರ. ಬೆಲೆಯೂ ಅರ್ಧಕ್ಕಿಳಿಯಿತು. ನೀವೂ ಹೋಂಸ್ಟೇ ನಡೆಸುವವರಾದರೆ ಪ್ಯಾಕೆಟ್ ತಿರುಗಿಸಿ ಆ ಚುಕ್ಕೆ ನೋಡಿ.

ಈಗಿನ ನನ್ನ ಅಳತೆ: ಮೂರು ಪಾಲು ಗಟ್ಟಿ ಚೀಸ್, ಒಂದು ಪಾಲು ಪ್ರಾಸೆಸ್ಡ್. ಇದನ್ನು ಕೇಳಿ ನಮ್ಮ ನೆಂಟರ ಹುಡುಗ ತಲೆ ಚಚ್ಚಿಕೊಂಡ. ಚಚ್ಚಿಕೊಳ್ಳಲಿ. ಪ್ರಾಸೆಸ್ಡ್ ಚೀಸ್ ನುಣ್ಣಗೆ ಕರಗಲಿ ಅಂತ ಅದರಲ್ಲಿ ಒಂಥರಾ ಲವಣ ಸೇರಿಸಿರುತ್ತಾರೆ, ಅದು ಗಟ್ಟಿ ಚೀಸ್‌ನ್ನೂ ಒಡೆಯದ ಹಾಗೆ ಹಿಡಿದುಕೊಳ್ಳುತ್ತದೆ. ಒಲೆ ಆರಿಸಿ ಎರಡು ನಿಮಿಷ ಬಿಡುತ್ತೇನೆ, ಮೊದಲು ಬೆಣ್ಣೆ, ಆಮೇಲೆ ಚೀಸ್, ಜೋರಾಗಿ ತೊಳಸುವುದು. ಅಣಬೆ ನೀರಿಗೆ ಉಪ್ಪು ಹಾಕುವುದೇ ಇಲ್ಲ. ಒಂದು ಸಲ ಹಾಕಿದ್ದೆ, ನೀರು ಬತ್ತಿ ಚೀಸ್‌ನ ಉಪ್ಪೂ ಸೇರಿ ಸಮುದ್ರವಾಗಿತ್ತು.

ಹದಿನಾಲ್ಕು ಜನ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಬಂದರೆ ಒಬ್ಬೊಬ್ಬರಿಗೂ ಅರ್ಧ ಗಂಟೆ ತಿರುವುವುದು ಆಗದ ಮಾತು. ಇಡೀ ಕಾಳನ್ನು ಮುಕ್ಕಾಲು ಬೇಯಿಸಿ, ಅಗಲ ತಟ್ಟೆಗೆ ತೆಳ್ಳಗೆ ಹರಡಿ, ಫ್ಯಾನ್ ಕೆಳಗೆ ಬೇಗ ಆರಿಸಿ ಫ್ರಿಜ್ಜಿಗೆ. ಕೂತರು ಅಂದ ತಕ್ಷಣ ಕುದಿಯುವ ಅಣಬೆ ನೀರು, ಮೊದಲೇ ಬೇಯಿಸಿಟ್ಟ ನುಚ್ಚು ಸೇರಿಸಿದರೆ ಏಳೆಂಟು ನಿಮಿಷಕ್ಕೆ ತಟ್ಟೆಗೆ.

ನಡುವೆ ಬೇರೆ ಧಾನ್ಯಗಳ ಹುಚ್ಚೂ ಹಿಡಿದಿತ್ತು. ನವಣೆ ಕಾಳುಕಾಳಾಗೇ ಉಳಿಯಿತು, ಕೆನೆ ಇಲ್ಲ. ಸಾಮೆ ಬೇಗ ಬೇಯುತ್ತದೆ, ಆದರೆ ತಟ್ಟೆಗೆ ಬಂದು ಐದು ನಿಮಿಷಕ್ಕೆ ಅಂಟು. ರಾಗಿ ಮುದ್ದೆಯೊಳಗೆ ಅಣಬೆ-ಚೀಸ್ ತುಂಬಿದೆ, ಅತ್ತೆ ಆ ದಿನ ಅಡುಗೆಮನೆಯಿಂದಲೇ ಎದ್ದು ಹೋದರು. ಮನೆಯವರ ಸಲಹೆಯಂತೆ ಕಾಫಿ ಡಿಕಾಕ್ಷನ್ ಒಂದು ಚಮಚ ಹಾಕಿದ್ದೂ ಆಯಿತು. ಅದರ ಬಗ್ಗೆ ಮಾತು ಬೇಡ.

ಗೆದ್ದಿದ್ದು ಮುಸುಕಿನ ಜೋಳದ ತರಿ. ಹಾಸನದ ಕಡೆ ಬೇಕಾದಷ್ಟು ಬೆಳೆಯುತ್ತಾರೆ, ಗಿರಣಿಯಲ್ಲಿ ತರಿ ಒಡೆಸಿಕೊಂಡರೆ ಕೆಜಿಗೆ ಐವತ್ತು ದಾಟುವುದಿಲ್ಲ. ಹಿಟ್ಟಿನ ಕೋಲಿನಲ್ಲಿ ಗಂಟಾಗದ ಹಾಗೆ ನಲವತ್ತು ನಿಮಿಷ ತೊಳಸಿ, ಚೀಸ್ ಸೇರಿಸಿ ತಟ್ಟೆಗೆ ಸುರಿದು ಬರ್ಫಿಯ ಹಾಗೆ ಕತ್ತರಿಸಿ ಕಾವಲಿ ಮೇಲೆ ಕೆಂಪಗೆ ಮಾಡುವುದು. ಮೇಲೆ ಹುರಿದ ಅಣಬೆ. ಇಟಲಿಯವರ ಪೊಲೆಂಟಾನೂ ಇದೇ ತಾನೇ. ಸಂಜೆ ಕಾಫಿ ಹೊತ್ತಿಗೆ ತುಂಡಿಗೆ ಮೂವತ್ತರಂತೆ ಹೋಗುತ್ತದೆ.

ಲೆಕ್ಕ ಕೇಳುವವರಿಗೆ: ಒಂದೂಕಾಲು ಪಾವು ಅಕ್ಕಿಯಲ್ಲಿ ನಾಲ್ಕು ತಟ್ಟೆ. ಅಣಬೆ ಎರಡು ಪ್ಯಾಕೆಟ್, ಚೀಸ್ ಎಂಬತ್ತು ಗ್ರಾಂ, ಬೆಣ್ಣೆ ಮನೆಯದೇ ಆದರೂ ಲೆಕ್ಕಕ್ಕೆ ಹಿಡಿದರೆ ತಟ್ಟೆಗೆ ಎಪ್ಪತ್ತು ಎಪ್ಪತ್ತೈದು ಬೀಳುತ್ತದೆ, ಗ್ಯಾಸ್ ಬೇರೆ. ನಾನು ಇನ್ನೂರ ನಲವತ್ತು ತೆಗೆದುಕೊಳ್ಳುತ್ತೇನೆ. ಬೋರ್ಡಿನಲ್ಲಿ ಮೊದಲು ರಿಸೊಟ್ಟೊ ಅಂತ ಬರೆದಿದ್ದೆ. ಇಟಲಿಗೆ ಹೋಗಿ ಬಂದವರು ಇದಲ್ಲ ಅಂತ ಮೂಗು ಮುರಿದರು, ಹೋಗದವರು ಕೇಳಲೇ ಇಲ್ಲ. ಆಮೇಲೆ ರಾಜಮುಡಿ ಅಣಬೆ ಅನ್ನ ಅಂತ ಬರೆದೆ, ಪಲಾವ್ ಅಂದುಕೊಂಡರು. ಒಂದು ಪುಟ್ಟ ಹುಡುಗಿ "ಆಂಟಿ, ನೆನ್ನೆ ಕೊಟ್ರಲ್ಲ, ಆ ಚೀಸ್ ಗಂಜಿ" ಅಂತ ಕೇಳಿದಳು. ಅದನ್ನೇ ಬರೆದೆ. ಈಗ ಶನಿವಾರ ಒಂದೇ ರಾತ್ರಿಗೆ ಹತ್ತು ಹನ್ನೆರಡು ತಟ್ಟೆ ಹೋಗುತ್ತದೆ.

ಉಳಿದರೆ ಮಾರನೇ ದಿನ ತಣ್ಣಗಿರುವಾಗಲೇ ಉಂಡೆ ಕಟ್ಟಿ, ಚಿರೋಟಿ ರವೆಯಲ್ಲಿ ಹೊರಳಿಸಿ ಕರಿಯುತ್ತೇನೆ. ಅತ್ತೆ ಅದನ್ನು ಎರಡು ತಿಂದು, "ಹಸಿಮೆಣಸಿನಕಾಯಿ ಹಾಕಿಲ್ವಲ್ಲೇ" ಅಂದರು. ಈ ವಾರ ಹಾಕಿ ನೋಡಬೇಕು.